ತೇಪೆ ಬರೆದ ಚೌಕಗಳು

ಆಫೀಸಿನಲ್ಲಿ ಅವಳನ್ನು ಎಲ್ಲರೂ ತೇಪೆ ಎಂದೇ ಕರೆಯುತ್ತಿದ್ದರು. ಕುಹಕಕ್ಕೆ ಇಟ್ಟ ಹೆಸರಲ್ಲ. ಇನ್ನೊಬ್ಬರು ಬರೆದ ಕೋಡ್ ಎಲ್ಲಿ ಹರಿದರೂ ಅಲ್ಲಿಗೆ ಅವಳನ್ನೇ ಕಳಿಸುತ್ತಿದ್ದರು. ಅವಳು ಕುರ್ಚಿ ಎಳೆದುಕೊಂಡು ಕೂತು, ಹರಿದ ಜಾಗ ಹುಡುಕಿ, ಹೊರಗೆ ಕಾಣದ ಹಾಗೆ ಹೊಲಿದು ಎದ್ದು ಬರುತ್ತಿದ್ದಳು. ಬಟ್ಟೆ ಯಾರದೋ, ಅಳತೆ ಯಾರದೋ, ಸೂಜಿ ಮಾತ್ರ ಅವಳದು. ಇಪ್ಪತ್ತರ ಹರೆಯದಲ್ಲಿ ಹೆಸರು, ವಿಳಾಸ ಟೈಪ್ ಮಾಡುವ ಕೆಲಸಕ್ಕೆಂದು ಸೇರಿದವಳು, ಪಕ್ಕದವರ ಪರದೆ ನೋಡುತ್ತಾ ನೋಡುತ್ತಾ ಕೋಡ್ ಕಲಿತಳು. ಈಗ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಒಂದು ಇಡೀ ಅಂಗಿಯನ್ನು ತಾನೇ ಕತ್ತರಿಸಿ ಹೊಲಿದದ್ದು ಎಂಬುದು ಮಾತ್ರ ಅವಳ ಬದುಕಿನಲ್ಲಿ ಇರಲಿಲ್ಲ.

ಅವರ ಕಂಪನಿಯ ದೊಡ್ಡ ಗಿರಾಕಿ ಒಂದು ಡಯಾಲಿಸಿಸ್ ಕೇಂದ್ರ. ಮೂತ್ರಪಿಂಡ ಕೈಕೊಟ್ಟವರು ದಿನ ಬಿಟ್ಟು ದಿನ ಅಲ್ಲಿಗೆ ಬಂದು, ಯಂತ್ರದ ಪಕ್ಕದ ಒರಗುಕುರ್ಚಿಯಲ್ಲಿ ನಾಲ್ಕು ಗಂಟೆ ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು ಹೋಗುತ್ತಾರೆ. ಯಾರಿಗೆ ಯಾವ ಕುರ್ಚಿ, ಯಾವ ಯಂತ್ರ, ಯಾವ ಹೊತ್ತು ಎಂದು ನೋಡಿಕೊಳ್ಳುವ ಸಾಫ್ಟ್‌ವೇರ್ ಇವರದು. ಕೇಂದ್ರ ಒಂದೇ ಕೋಣೆಯಲ್ಲಿದ್ದ ಕಾಲಕ್ಕೆ ಅದನ್ನು ಕಟ್ಟಿದವರು ಒಬ್ಬರೇ. ಅವರಿಗೆ ಮೇಸ್ತ್ರಿ ಎಂದು ಹೆಸರು ಬಿದ್ದದ್ದೂ ಅದರಿಂದಲೇ. ಈಗ ಕೇಂದ್ರಕ್ಕೆ ಊರ ತುಂಬ ಶಾಖೆಗಳು. ಎಲ್ಲ ಶಾಖೆಗಳೂ ಆ ಹಳೆಯ ಒಂದೇ ಗೋಡೆಗೆ ಒರಗಿದ್ದವು. ಒಂದು ಶಾಖೆಯವರು ತಿಂಗಳ ವರದಿ ತೆಗೆಯಲು ಕೂತರೆ ಉಳಿದೆಲ್ಲ ಶಾಖೆಗಳ ಪರದೆ ಕಲ್ಲಾಗುತ್ತಿತ್ತು.

ಒಂದು ದಿನ ಯಜಮಾನರು ಅವಳನ್ನು ಒಳಗೆ ಕರೆದರು. "ತೇಪೆ ಹಾಕಿದ್ದು ಸಾಕಮ್ಮ. ಹೊಸದಾಗಿ ಕಟ್ಟಬೇಕು, ಅಡಿಪಾಯದಿಂದ. ಅದರ ಇಡೀ ನಕ್ಷೆ, ಆರ್ಕಿಟೆಕ್ಚರ್, ನೀನೇ ಮಾಡು."

"ನಾನಾ ಸರ್? ನನಗೆ ಹೊಲಿಯೋಕೆ ಬರುತ್ತೆ. ಕತ್ತರಿ ಹಿಡಿದವಳೇ ಅಲ್ಲ ನಾನು."

"ಹಿಡಿದವರು ಒಬ್ಬರಿದ್ದಾರಲ್ಲ, ಹೋಗಿ ಕೇಳು." ಯಜಮಾನರು ಮೇಜಿನ ಮೇಲಿನ ಪೆನ್ನನ್ನು ಅತ್ತಿಂದಿತ್ತ ಸರಿಸಿದರು. "ಸ್ವಲ್ಪ ಬೇಗ ಕೇಳು."

ಆ ಬೇಗದ ಅರ್ಥ ಅವಳಿಗೂ ಗೊತ್ತಿತ್ತು. ಮೇಸ್ತ್ರಿ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಅವರ ಮೂತ್ರಪಿಂಡಗಳೂ ಕೈಕೊಟ್ಟಿದ್ದವು. ಈಗ ಅದೇ ಕೇಂದ್ರದಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬೆಳಗಿನ ಮೊದಲ ಸರದಿ ಅವರದು.

ಹೀಗೆ ಅವಳ ಪಾಠ ಶುರುವಾಯಿತು. ಬೆಳಗಿನ ಆರು ಗಂಟೆಗೆ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಆ ಕುರ್ಚಿಯ ಕಾಲದೆಸೆಯಲ್ಲಿ ಒಂದು ಸ್ಟೂಲ್ ಮೇಲೆ. ಇನ್ನೊಂದು ಬದಿಗೆ ಮೇಸ್ತ್ರಿಯ ಹೆಂಡತಿ, ಮಡಿಲಲ್ಲಿ ಫ್ಲಾಸ್ಕು, ಹೊದಿಕೆಯ ಚೀಲ. ತೇಪೆ ಅವರನ್ನು ಅಕ್ಕ ಎನ್ನುತ್ತಿದ್ದಳು. ಮೇಸ್ತ್ರಿಯ ಎಡಗೈಗೆ ಸೂಜಿ ಚುಚ್ಚಿ ಪಟ್ಟಿ ಕಟ್ಟಿರುತ್ತಿತ್ತು, ಅಲುಗಿಸುವ ಹಾಗಿಲ್ಲ. ಬಲಗೈ ಬಿಡುವಾಗಿತ್ತು, ಬಾಯಿಗಂತೂ ಬಿಡುವೇ ಇರಲಿಲ್ಲ.

"ನೋಡು ತೇಪೆ, ನಾನೇ ಕಟ್ಟಿದ ಮನೆಯಲ್ಲಿ ಬಾಡಿಗೆಗಿದ್ದೀನಿ. ಸೋರಿದ್ರೆ ಯಾರನ್ನ ಬಯ್ಯಲಿ?"

ಮೊದಲ ವಾರ ಅವಳು ಒಂದು ದೊಡ್ಡ ಹಾಳೆಯ ಮೇಲೆ ಚೌಕಗಳನ್ನು ಬರೆದು ತಂದಳು. ರೋಗಿಗಳ ನೋಂದಣಿಗೆ ಒಂದು ಚೌಕ, ಸರದಿಗೆ ಒಂದು, ಯಂತ್ರಗಳಿಗೆ ಒಂದು, ದಾಸ್ತಾನಿಗೆ ಒಂದು, ಮನೆಗೆ ಮೆಸೇಜ್ ಕಳಿಸಲು ಒಂದು. ಎಲ್ಲದರಿಂದ ಎಲ್ಲದಕ್ಕೂ ಬಾಣ. ಮೇಸ್ತ್ರಿ ಹಾಳೆಯನ್ನು ಕಣ್ಣಿಂದ ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಜೇಡರ ಬಲೆ ಚೆನ್ನಾಗಿದೆ. ನೊಣ ಎಲ್ಲಿ?"

ಅಕ್ಕ ನಕ್ಕುಬಿಟ್ಟರು. "ಪಾಪ, ಅಷ್ಟು ನೀಟಾಗಿ ಬರೆದು ತಂದಿದ್ದಾಳೆ. ನಿಮಗೆ ಒಂದು ಒಳ್ಳೆ ಮಾತು ಬರಲ್ವಾ?"

"ನೀಟಾಗಿದೆ ಅಂತ ನಾನೆಲ್ಲಿ ಅಲ್ಲ ಅಂದೆ?" ಎಂದವರು ಹಾಳೆಯನ್ನು ಮಡಚಿ ಅವಳಿಗೇ ಕೊಟ್ಟರು. "ಇನ್ನೊಂದು ತಿಂಗಳು ಏನೂ ಬರೀಬೇಡ. ಇಲ್ಲಿ ಕೂತು ನೋಡು. ಯಾರು ಯಾರಿಗೆ ಏನು ಹೇಳ್ತಾರೆ, ಅಷ್ಟೇ ನೋಡು. ಬಾಣ ಅಂದ್ರೆ ಅದೇ. ಒಬ್ಬರು ಇನ್ನೊಬ್ಬರಿಗೆ ಹೇಳೋ ಮಾತು."

ಅವಳು ಕೂತು ನೋಡಿದಳು. ದೇವರು ಅವಳಿಗೆ ಬೇರೇನು ಕೊಟ್ಟಿದ್ದನೋ ಬಿಟ್ಟಿದ್ದನೋ, ಕೂರುವ ತಾಳ್ಮೆಯನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದ. ಪರದೆ ಕಲ್ಲಾದಾಗ ಟೆಕ್ನಿಷಿಯನ್ ಯಂತ್ರದ ನಂಬರನ್ನು ಅಂಗೈ ಮೇಲೆ ಬರೆದುಕೊಳ್ಳುವುದನ್ನು ನೋಡಿದಳು. ರೋಗಿಯ ತೂಕ ಹೆಚ್ಚಿದ್ದರೆ ಸಿಸ್ಟರ್ ಮೊದಲು ಸರದಿ ನೋಡುವವರಿಗೆ ಹೇಳಿ, ಆಮೇಲೆ ಡಾಕ್ಟರಿಗೆ ಫೋನ್ ಮಾಡುವುದನ್ನು ನೋಡಿದಳು. ಒಬ್ಬರ ಮನೆ ಬದಲಾಗಿ ಅವರು ಬೇರೆ ಶಾಖೆಗೆ ಹೋದಾಗ ಯಾವ ಯಾವ ಮೇಜಿಗೆ ಸುದ್ದಿ ಮುಟ್ಟಬೇಕು ಎಂದು ನೋಡಿದಳು.

ಬಾಗಿಲ ಪಕ್ಕದ ಕುರ್ಚಿಗೆ ಒಬ್ಬ ಮುದುಕರು ಬರುತ್ತಿದ್ದರು, ರೇಡಿಯೋ ಕಿವಿಗಿಟ್ಟುಕೊಂಡು. ಒಂದು ದಿನ ಅವರು ಬರಲಿಲ್ಲ. ಅವತ್ತಿನಿಂದ ಆ ಕುರ್ಚಿಯಲ್ಲಿ ಬೇರೊಬ್ಬರು.

"ರೇಡಿಯೋ ತಾತ ಎಲ್ಲಿ ಸಿಸ್ಟರ್?" ಎಂದು ಕೇಳಿದಳು.

ದೊಡ್ಡ ಸಿಸ್ಟರ್ ನಳಿಕೆಗಳನ್ನು ತೊಳೆಯುತ್ತಾ, "ಅವರು ಈಗ ಬರ್ತಾ ಇಲ್ಲ" ಎಂದರು.

ತೇಪೆ ಹಾಳೆಯ ಅಂಚಿನಲ್ಲಿ ಬರೆದುಕೊಂಡಳು: ಬೇರೆ ಶಾಖೆಗೆ ಹೋದರೆ.

ತಿಂಗಳು ಕಳೆದ ಮೇಲೆ ಮೇಸ್ತ್ರಿ ಚೌಕ ಬರೆಯಲು ಬಿಟ್ಟರು. ಜೊತೆಯಲ್ಲಿ ಬದಲಾಗುವ ಸಂಗತಿಗಳು ಒಂದೇ ಮನೆಯಲ್ಲಿರಲಿ, ಬೇರೆ ಬೇರೆ ಕಾಲಕ್ಕೆ ಬದಲಾಗುವುದಕ್ಕೆ ನಡುವೆ ಗೋಡೆ ಬೇಕು ಎಂದರು. ಗೋಡೆಗೆ ಬಾಗಿಲು ಒಂದೇ ಇರಲಿ, ಕಿಟಕಿ ಹಾರಿ ಒಳಗೆ ಬರುವವರನ್ನು ನಂಬಬೇಡ ಎಂದರು. ಪ್ರತಿಯೊಂದು ಚೌಕದ ಮೇಲೂ ಬೆರಳಿಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದರು. ಅದು ಅವರ ಹಳೆಯ ಪದ್ಧತಿ. ಅದಕ್ಕೆ ಉತ್ತರ ಬರುವ ತನಕ ಮುಂದಿನ ಚೌಕಕ್ಕೆ ಹೋಗುವಂತಿಲ್ಲ.

"ಇವನು ಸತ್ತ. ಯಾರಿಗೆ ಗೊತ್ತಾಗುತ್ತೆ?"

ಮೊದಲ ಸಲ ಅದನ್ನು ಕೇಳಿದಾಗ ಅಕ್ಕ ಫ್ಲಾಸ್ಕಿನ ಮುಚ್ಚಳವನ್ನು ಟಪ್ಪೆಂದು ಮುಚ್ಚಿದರು. "ಬೆಳಗಾಗೆದ್ದು ಎಂಥ ಮಾತು ರೀ ಅದು? ಸುತ್ತ ಯಾರ್ಯಾರು ಮಲಗಿದ್ದಾರೆ ನೋಡಿ. ನಿಮ್ಮ ಕೆಲಸಕ್ಕೆ ಬೇರೆ ಪದ ಇಲ್ವಾ?"

ಪಕ್ಕದ ಕುರ್ಚಿಯವರು ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಮಾಡುತ್ತಿರಲಿಲ್ಲ. ಮೇಸ್ತ್ರಿ ಹೆಂಡತಿಯ ಮುಖ ನೋಡಿದರು. "ಆಯ್ತು ಮಾರಾಯ್ತಿ. ತೇಪೆ, ಇವನು ಮಲಗಿಬಿಟ್ಟ. ಯಾರಿಗೆ ಗೊತ್ತಾಗುತ್ತೆ?"

ಅವತ್ತಿನಿಂದ ಆ ಕಿಟಕಿಯ ಪಕ್ಕದಲ್ಲಿ ಯಾರೂ ಸಾಯಲಿಲ್ಲ. ಸರ್ವರ್ ಮಲಗಿತು, ಡೇಟಾಬೇಸ್ ಮಲಗಿತು, ಲೈನ್ ಮಲಗಿತು.

ಮನೆಯಲ್ಲಿ ಅತ್ತೆ ಬೆಳಗಿನ ಪ್ರಾರ್ಥನೆ ಮುಗಿಸಿ ಬಂದು ಊಟದ ಮೇಜಿನ ತುಂಬ ಹರಡಿದ ಹಾಳೆಗಳನ್ನು ನೋಡುತ್ತಿದ್ದರು. "ಚೌಕ ಬರೆಯೋಕೂ ಸಂಬಳ ಕೊಡ್ತಾರೇನೇ? ನಮ್ಮ ಕಾಲದಲ್ಲಿ ನೆಲದ ಮೇಲೆ ಬರೆದು ಕುಂಟಾಟ ಆಡ್ತಿದ್ವಿ."

"ನಾನೂ ಅದನ್ನೇ ಆಡ್ತಿರೋದು ಅತ್ತೆ. ಗೆರೆ ತುಳಿದ್ರೆ ಔಟು."

"ಯಾರು ಹೇಳ್ಬೇಕು ಔಟು ಅಂತ?"

"ಮೇಸ್ತ್ರಿ."

ಅದು ನಿಜವಾಗಿತ್ತು. ಆಫೀಸಿನಲ್ಲಿ ಓದಿದವರು ಬೇಕಾದಷ್ಟು ಜನರಿದ್ದರು. ಅವಳ ಹಾಳೆಯನ್ನು ಅವರೂ ನೋಡಿದರು, ಒಳ್ಳೆಯ ತಿದ್ದುಪಡಿಗಳನ್ನೂ ಹೇಳಿದರು. ಆದರೆ ಅವಳು ಕಾಯುತ್ತಿದ್ದದ್ದು ಆ ಒಂದು ಬಾಯಿಂದ ಬರುವ ಸರಿ ಎಂಬ ಮಾತಿಗೆ. ಅವರು ಕಣ್ಣು ಮುಚ್ಚುವ ಮೊದಲು ಅದು ಬರಬೇಕಿತ್ತು. ಇದನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಲಿಲ್ಲ. ಅತ್ತೆಯ ಪಕ್ಕದಲ್ಲಿ ಕೈಮುಗಿದು ನಿಂತಾಗ ಮನಸ್ಸಿನೊಳಗೆ ಹೇಳಿಕೊಳ್ಳುತ್ತಿದ್ದಳು, ಅಷ್ಟೇ.

ಮೇಸ್ತ್ರಿ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದರು. ಕೈಯ ನಾಳ ಗಟ್ಟಿಯಾಗಿ ಸೂಜಿಗೆ ಸಿಗುತ್ತಿರಲಿಲ್ಲ. ಮಾತಿನ ನಡುವೆಯೇ ಕಣ್ಣು ಎಳೆಯುತ್ತಿತ್ತು. ಎಚ್ಚರವಾದಾಗ ಬೆರಳು ಮಾತ್ರ ಬಿಟ್ಟ ಚೌಕದ ಮೇಲೇ ಇರುತ್ತಿತ್ತು.

ಮೆಸೇಜಿನ ಚೌಕದ ಮೇಲೆ ಅವಳು ಬಹಳ ದಿನ ಕೂತಿದ್ದಳು. ಸರದಿಯ ಹಿಂದಿನ ಸಂಜೆ ಮನೆಯವರ ಫೋನಿಗೆ ಮೆಸೇಜು ಹೋಗದಿದ್ದರೆ ಕೆಲವರು ಮರೆತುಬಿಡುತ್ತಾರೆ, ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕಾಗಿ ಹೆಸರು, ಫೋನ್ ನಂಬರ್, ವಾರದ ಸರದಿ, ಇವುಗಳ ಒಂದು ಪ್ರತಿಯನ್ನು ಮೆಸೇಜಿನ ಚೌಕದೊಳಗೇ ಇಟ್ಟಳು.

"ನೋಂದಣಿ ಮಲಗಿತು. ಯಾರಿಗೆ ಗೊತ್ತಾಗುತ್ತೆ?" ಎಂದರು ಮೇಸ್ತ್ರಿ.

"ರೋಗಿಗಳಿಗೆ ಗೊತ್ತೇ ಆಗಲ್ಲ ಸರ್. ಮೆಸೇಜು ತನ್ನ ಪ್ರತಿ ನೋಡಿಕೊಂಡು ಹೋಗ್ತಾನೇ ಇರುತ್ತೆ. ಸರದಿಯೂ ಹಾಗೇ. ಯಾರು ಮಲಗಿದ್ರೂ ಮೆಸೇಜು ನಿಲ್ಲಲ್ಲ."

ಮೇಸ್ತ್ರಿಯ ಹುಬ್ಬು ಮೇಲೇರಿತು. "ಭೇಷ್. ಇದು ನನ್ನ ಹಳೇ ಮನೆಯಲ್ಲಿ ಇರಲಿಲ್ಲ."

ಅವಳ ಎದೆ ಉಬ್ಬಿತು. ಅವರು ಹಾಳೆಯ ಮೇಲೆ ಇನ್ನೊಮ್ಮೆ ಬೆರಳಾಡಿಸುತ್ತಾ ಹೋದರು, ನೋಂದಣಿಯಿಂದ ಸರದಿಗೆ, ಸರದಿಯಿಂದ ಮೆಸೇಜಿಗೆ. ಬೆರಳು ನಿಂತಿತು. ಒಂದು ಕ್ಷಣ ಪಕ್ಕದಲ್ಲಿ ಕೂತ ಹೆಂಡತಿಯ ಕಡೆ ನೋಡಿದರು.

"ಕಟ್ಟು" ಎಂದರು. "ಕಟ್ಟೋಕೆ ಅಡ್ಡಿಯಿಲ್ಲ. ಆದ್ರೆ ಒಂದು ತೂತು ಉಳಿದಿದೆ."

"ಎಲ್ಲಿ ಸರ್?"

"ಕೆಲಸ ಏನೂ ನಿಲ್ಲಲ್ಲ ಅದರಿಂದ. ಆದ್ರೆ ತೂತು ತೂತೇ. ಹುಡುಕು. ಸಿಗದಿದ್ರೆ ನಾನೇ ಹೇಳ್ತೀನಿ."

ಅವಳು ಹುಡುಕಿದಳು. ಸಿಗಲಿಲ್ಲ. ಅಷ್ಟರಲ್ಲಿ ಕಟ್ಟಡ ಎದ್ದಿತ್ತು. ಹೊಸ ಸಾಫ್ಟ್‌ವೇರ್ ಚಾಲೂ ಆದ ಸಂಜೆ ಮೊದಲ ಮೆಸೇಜು ಹೋದದ್ದು ಅಕ್ಕನ ಫೋನಿಗೇ. ಮೇಸ್ತ್ರಿಯ ಫೋನು ಯಾವಾಗಲೂ ಎಲ್ಲೋ ಕಳೆದಿರುತ್ತಿತ್ತಾದ್ದರಿಂದ ನೋಂದಣಿಯಲ್ಲಿ ಅಕ್ಕನ ನಂಬರೇ ಇತ್ತು. 'ನಾಳೆ ಬೆಳಗ್ಗೆ ಆರಕ್ಕೆ ನಿಮ್ಮವರ ಸರದಿ. ತಪ್ಪದೆ ಬನ್ನಿ.' ಮರುದಿನ ಮೇಸ್ತ್ರಿ ಆ ಫೋನನ್ನು ಸಿಸ್ಟರುಗಳಿಗೆಲ್ಲ ತೋರಿಸಿದರು. "ನಮ್ಮ ತೇಪೆ ಕಳಿಸಿದ್ದು. ಬರದೆ ಇರೋಕಾಗುತ್ತಾ?"

"ಹಾಗಾದ್ರೆ ಸರಿಯಾಯ್ತಾ ಸರ್?" ಎಂದು ಕೇಳಿಯೇಬಿಟ್ಟಳು.

"ತೂತು ಸಿಕ್ತಾ?"

"ಇಲ್ಲ."

"ಹಾಗಾದ್ರೆ ಇನ್ನೂ ಇಲ್ಲ." ಅವರು ಕಣ್ಣು ಮುಚ್ಚಿಕೊಂಡರು. "ಮುಂದಿನ ಸಲ ಬಂದಾಗ ಹೇಳ್ತೀನಿ ಬಿಡು. ನೀನಾಗಿ ಹುಡುಕೋ ಅಂಥದ್ದಲ್ಲ ಅದು."

ಮುಂದಿನ ಸಲ ಅವರು ಬರಲಿಲ್ಲ. ಮನೆಯಲ್ಲಿ ತಿಂಡಿ ತಿಂದು ಕಿಟಕಿಯ ಬಳಿ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದರಂತೆ. ತೇಪೆ ಹೋಗಿ ಅಕ್ಕನ ಕೈ ಹಿಡಿದು ಕೂತು ಬಂದಳು. ಅಕ್ಕ ಅಳಲಿಲ್ಲ. ಬಂದವರಿಗೆಲ್ಲ ಚಾಪೆ ಹಾಸಿದ್ದೀರಾ, ನೀರು ಕೊಟ್ಟಿರಾ ಎಂದು ಕೇಳುತ್ತಿದ್ದರು.

ಆಮೇಲೆ ತೇಪೆಗೆ ಕೇಂದ್ರದ ಕಡೆ ಹೋಗಲು ಕಾಲು ಏಳಲಿಲ್ಲ. ಆಫೀಸಿನ ಪರದೆಯಲ್ಲೇ ಎಲ್ಲ ಶಾಖೆಗಳನ್ನೂ ನೋಡುತ್ತಿದ್ದಳು. ಪ್ರತಿ ಚೌಕಕ್ಕೂ ಒಂದು ದೀಪ, ಎಲ್ಲವೂ ಹಸಿರು. ಯಾರೂ ಮಲಗಿರಲಿಲ್ಲ. ತಿಂಗಳ ವರದಿ ತೆಗೆದರೂ ಯಾವ ಪರದೆಯೂ ಕಲ್ಲಾಗಲಿಲ್ಲ. ಯಜಮಾನರು ಎಲ್ಲರ ಎದುರಿಗೆ ಅವಳನ್ನು ಹೊಗಳಿದರು. ಅವಳು ಕೆಳಗೆ ನೋಡುತ್ತಾ ಕೂತಿದ್ದಳು. ಹಾಳೆಯನ್ನು ಮತ್ತೆ ಮತ್ತೆ ಬಿಚ್ಚಿ ಪ್ರತಿ ಚೌಕದ ಮೇಲೂ ತಾನೇ ಬೆರಳಿಟ್ಟು ಕೇಳಿಕೊಂಡಳು. ಎಲ್ಲದಕ್ಕೂ ಉತ್ತರವಿತ್ತು. ಹಾಗಿದ್ದರೆ ತೂತೆಲ್ಲಿ? ಒಮ್ಮೊಮ್ಮೆ ಅನಿಸುತ್ತಿತ್ತು, ತೂತೇ ಇರಲಿಲ್ಲವೇನೋ, ತನ್ನನ್ನು ಇನ್ನಷ್ಟು ದಿನ ಆ ಸ್ಟೂಲಿನ ಮೇಲೆ ಕೂರಿಸಿಕೊಳ್ಳಲು ಅವರು ಹೇಳಿದ ನೆವವೇನೋ.

ಒಂದು ಬೆಳಗ್ಗೆ ದೊಡ್ಡ ಸಿಸ್ಟರ್ ಫೋನ್ ಮಾಡಿದರು. "ಸ್ವಲ್ಪ ಬರ್ತೀಯಾ? ಅಮ್ಮ ಬಂದಿದ್ದಾರೆ."

"ಯಾವ ಅಮ್ಮ?"

"ಮೇಸ್ತ್ರಿ ಮನೆಯವರು."

ಅವಳು ಹೋದಾಗ ಮೊದಲ ಸರದಿ ನಡೆಯುತ್ತಿತ್ತು. ಎಲ್ಲ ಕುರ್ಚಿಗಳಲ್ಲಿ ಜನ, ಎಲ್ಲ ಯಂತ್ರಗಳ ಸದ್ದು. ಕಿಟಕಿಯ ಪಕ್ಕದ ಕುರ್ಚಿ ಮಾತ್ರ ಖಾಲಿ. ಅದರ ಪಕ್ಕದಲ್ಲಿ, ತಮ್ಮ ಯಾವತ್ತಿನ ಜಾಗದಲ್ಲಿ ಅಕ್ಕ ಕೂತಿದ್ದರು. ಮಡಿಲಲ್ಲಿ ಫ್ಲಾಸ್ಕು, ಹೊದಿಕೆಯ ಚೀಲ.

ತೇಪೆ ಹತ್ತಿರ ಹೋಗಿ ತನ್ನ ಹಳೆಯ ಸ್ಟೂಲಿನ ಮೇಲೆ ಕೂತಳು.

"ತಲೆ ಕೆಟ್ಟಿದೆ ಅಂದ್ಕೋಬೇಡ ಕಣಮ್ಮ" ಎಂದರು ಅಕ್ಕ. "ನನಗೆಲ್ಲ ಗೊತ್ತು. ಅವರನ್ನ ಕಳಿಸಿಕೊಟ್ಟ ದಿನ ಸಂಜೆನೇ ಬಂತು ಮೆಸೇಜು. ನೋಡ್ಲಿಲ್ಲ ಯಾರೂ. ಆಮೇಲೂ ಬರ್ತಾನೇ ಇದೆ, ದಿನ ಬಿಟ್ಟು ದಿನ. ತಪ್ಪದೆ ಬನ್ನಿ, ತಪ್ಪದೆ ಬನ್ನಿ ಅಂತ. ಮಗಳಿಗೂ ಹೇಳ್ಲಿಲ್ಲ. ನಿನ್ನೆನೂ ಬಂತು. ಬೆಳಗ್ಗೆ ನಾಲ್ಕಕ್ಕೆ ಎಚ್ಚರ ಆಯ್ತು, ನೀರು ಕಾಯಿಸಿ ಫ್ಲಾಸ್ಕಿಗೆ ತುಂಬಿದೆ. ತುಂಬಿದ ಮೇಲೆ ಯಾರಿಗೆ ತುಂಬಿದೆ ಅಂತ ನೋಡ್ಕೊಂಡೆ. ಅಷ್ಟು ಹೊತ್ತಿಗೆ ಕಾಲು ಚಪ್ಪಲಿ ಹಾಕ್ಕೊಂಡಿತ್ತು."

ತೇಪೆ ಖಾಲಿ ಕುರ್ಚಿಯತ್ತ ನೋಡಿದಳು. ಅದರ ತಲೆದೆಸೆಯ ಪರದೆಯಲ್ಲಿ ಮೇಸ್ತ್ರಿಯ ಹೆಸರು ಇನ್ನೂ ಬೆಳಗುತ್ತಿತ್ತು.

"ಇವರ ವಿಷಯ ನೋಂದಣಿಯಲ್ಲಿ ಬರೆದಿಲ್ವಾ ಸಿಸ್ಟರ್?"

"ಅವತ್ತೇ ಬರೆದಿದ್ದೀನಮ್ಮ" ಎಂದರು ದೊಡ್ಡ ಸಿಸ್ಟರ್, ದನಿ ತಗ್ಗಿಸಿ. "ಆದ್ರೂ ಕುರ್ಚಿ ಅವರ ಹೆಸರಲ್ಲೇ ಇದೆ ಅನ್ನುತ್ತೆ. ಎರಡು ಬಸ್ಸು ಬದಲಾಯಿಸಿ ದೂರದ ಶಾಖೆಗೆ ಹೋಗೋ ಅಜ್ಜಿ ಒಬ್ಬರಿದ್ದಾರೆ, ಅವರಿಗೆ ಕೊಡೋಣ ಅಂದ್ರೆ ಜಾಗ ತುಂಬಿದೆ ಅನ್ನುತ್ತೆ. ನಿನಗೆ ಹೇಗೆ ಹೇಳೋದು ಅಂತ ಸುಮ್ಮನಿದ್ವಿ. ನೀನೂ ನೊಂದಿದ್ದೆ."

ಆಗ ಅವಳಿಗೆ ಕಂಡಿತು. ಹಳೆಯ ಮನೆಯಲ್ಲಿ ಎಲ್ಲವೂ ಒಂದೇ ಕೋಣೆಯಲ್ಲಿತ್ತು. ಒಂದು ಹೆಸರನ್ನು ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತಿತ್ತು. ಅವಳು ಗೋಡೆ ಎಬ್ಬಿಸಿ, ಪ್ರತಿ ಕೋಣೆಗೂ ಹೆಸರುಗಳ ಪ್ರತಿ ಹಂಚಿದ್ದಳು. ಬೇರೆ ಶಾಖೆಗೆ ಹೋದವರ ಸುದ್ದಿ ಎಲ್ಲ ಕೋಣೆಗೂ ಮುಟ್ಟುತ್ತಿತ್ತು, ಅದಕ್ಕೆ ಬಾಣವಿತ್ತು. ಇನ್ನೊಂದು ಸುದ್ದಿಗೆ ಬಾಣವೇ ಇರಲಿಲ್ಲ. ಯಂತ್ರ ಮಲಗಿದರೆ, ಸರ್ವರ್ ಮಲಗಿದರೆ ಎಂದೆಲ್ಲ ಮೇಸ್ತ್ರಿ ಕೇಳಿದ್ದರು, ಅವಳೂ ಕೇಳಿಕೊಂಡಿದ್ದಳು. ಈ ಕುರ್ಚಿಯಲ್ಲಿ ಮಲಗಿದವರು ಸತ್ತರೆ ಯಾರಿಗೆ ಗೊತ್ತಾಗುತ್ತದೆ ಎಂದು ಒಬ್ಬರೂ ಕೇಳಿರಲಿಲ್ಲ. ರೇಡಿಯೋ ತಾತ ಎಲ್ಲಿ ಎಂದು ತಾನು ಕೇಳಿದ್ದು ನೆನಪಾಯಿತು. ಹಾಳೆಯ ಅಂಚಿನಲ್ಲಿ ಏನು ಬರೆದುಕೊಂಡೆ ಎಂಬುದೂ ನೆನಪಾಯಿತು.

"ಅಕ್ಕ, ಅವರು ಹೇಳ್ತಿದ್ದ ತೂತು ಇದೇ" ಎಂದಳು. "ನಾನು ಬಿಟ್ಟ ತೂತು. ನಿಮ್ಮ ಮನೆಗೇ ಬಂತು."

ಅಕ್ಕ ಚೀಲದಿಂದ ಹೊದಿಕೆ ತೆಗೆದು, ಮತ್ತೆ ಮಡಚಿ, ಒಳಗಿಟ್ಟರು.

"ಕೊನೇ ಸಲ ಇಲ್ಲಿಂದ ಮನೆಗೆ ಹೋಗ್ತಾ ಆಟೋದಲ್ಲಿ ಅವರು ಹೇಳಿದ್ರು. ಮುಂದಿನ ಸಲ ನೀನು ಸ್ವಲ್ಪ ಹೊತ್ತು ಹೊರಗೆ ಬೆಂಚಿನ ಮೇಲೆ ಕೂತ್ಕೋ, ತೇಪೆ ಹತ್ರ ಒಂದು ಮಾತಾಡಬೇಕು ಅಂತ. ನನಗೆ ಸಿಟ್ಟು ಬಂತು. ಇಷ್ಟು ವರ್ಷ ಆದ್ಮೇಲೆ ನನ್ನ ಆಚೆ ಕೂರಿಸಿ ಆಡೋ ಅಂಥ ಗುಟ್ಟೇನು ಅಂದೆ. ನಕ್ಕು ಸುಮ್ಮನಾದ್ರು." ಅವರು ಚೀಲದ ಬಾಯಿ ಎಳೆದು ಕಟ್ಟಿದರು. "ಆ ಪದ ನನ್ನ ಎದುರಿಗೆ ಆಡಬಾರದು ಅಂತ ನಾನೇ ಅಲ್ವಾ ಹೇಳಿದ್ದು."

"ನೀವು ಹೇಳಿದ್ದು ತಪ್ಪಲ್ಲ ಅಕ್ಕ."

"ಅಲ್ಲ. ಆದ್ರೂ ಹೇಳ್ದೆ ಹೋದ್ರು ನೋಡು."

ಯಾವುದೋ ಯಂತ್ರ ಕುಂಯ್‌ಗುಟ್ಟಿತು, ಒಬ್ಬ ಸಿಸ್ಟರ್ ಓಡಿದರು. ಫ್ಲಾಸ್ಕಿನ ಬಿಸಿನೀರನ್ನು ಅಕ್ಕ ಪಕ್ಕದ ಕುರ್ಚಿಯವರ ಲೋಟಕ್ಕೆ ಬಗ್ಗಿಸಿಕೊಟ್ಟರು. ಆಮೇಲೆ ಎದ್ದು, ಯಾರ ಕೈಯನ್ನೂ ಹಿಡಿಯದೆ ಮನೆಗೆ ಹೋದರು.

ಯಜಮಾನರಿಗೆ ವಿಷಯ ಮುಟ್ಟಿದಾಗ ಅವರು ಹೌಹಾರಿದರು. "ಮೊದಲು ಆ ಒಂದು ನಂಬರ್ ಅಳಿಸಿಬಿಡು. ಒಂದು ತೇಪೆ ಹಾಕು, ಆಮೇಲೆ ನೋಡೋಣ."

ಅದು ಅವಳಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಜೀವನವಿಡೀ ಮಾಡಿದ್ದು ಅದನ್ನೇ. "ಇದಕ್ಕೆ ತೇಪೆ ಹಾಕಲ್ಲ ಸರ್" ಎಂದಳು. "ನಾಳೆ ಇನ್ನೊಂದು ಮನೆಗೆ ಹೋಗುತ್ತೆ." ಮುಂದಿನ ಮೆಸೇಜು ಹೋಗುವುದರೊಳಗೆ ಮುಗಿಸುತ್ತೇನೆ ಎಂದು ಮಾತು ಕೊಟ್ಟಳು.

ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿದಳು. ಅತ್ತೆ ಈ ಸಲ ಕುಂಟಾಟದ ಮಾತೆತ್ತದೆ ಪಕ್ಕದಲ್ಲಿ ಬಂದು ಕೂತರು. ಯಾರು ಇದ್ದಾರೆ, ಯಾರು ಇಲ್ಲ ಎಂಬುದಕ್ಕೆ ನೋಂದಣಿಯೇ ಮೂಲ, ಬೇರೆ ಯಾವ ಕೋಣೆಯೂ ಅದನ್ನು ತಾನೇ ಊಹಿಸಿಕೊಳ್ಳಬಾರದು. ನೋಂದಣಿಯಿಂದ ಹೊರಡುವ ಆ ಸುದ್ದಿ ಪ್ರತಿ ಕೋಣೆಗೂ ಮುಟ್ಟಬೇಕು, ಮುಟ್ಟಿತು ಎಂದು ಆ ಕೋಣೆ ಮರಳಿ ಹೇಳಬೇಕು, ಹೇಳದಿದ್ದರೆ ಮತ್ತೆ ಮತ್ತೆ ಹೋಗಿ ಬಾಗಿಲು ಬಡಿಯಬೇಕು. ಕಪ್ಪು ಪೆನ್ನಿನಲ್ಲಿ ಬಾಣ ಎಳೆದಳು. ಬಾಣದ ಮೇಲೆ ಹೆಸರು ಬರೆಯಬೇಕಿತ್ತು. ಮೊದಲು 'ಬರುವುದಿಲ್ಲ' ಎಂದು ಬರೆದು ಹೊಡೆದುಹಾಕಿದಳು. ಆಮೇಲೆ 'ಮುಕ್ತಾಯ' ಎಂದು ಬರೆದು ಅದನ್ನೂ ಹೊಡೆದಳು. ಕೊನೆಗೆ 'ಸಾವು' ಎಂದೇ ಬರೆದಳು.

ಅತ್ತೆ ಓದಿದರು. "ಹಾಗೇ ಇರಲಿ" ಎಂದರು.

ಹೊಸ ಬಾಣ ಕೆಲಸ ಮಾಡುತ್ತದೋ ಇಲ್ಲವೋ ಎಂದು ಸುಳ್ಳು ಹೆಸರುಗಳ ಮೇಲೆ ಎಷ್ಟು ಸಲ ನೋಡಿದರೂ ನಿಜವಾದ ಹೆಸರಿನ ಮೇಲೆ ಒಮ್ಮೆ ನಡೆಸಲೇಬೇಕಿತ್ತು. ಕೇಂದ್ರಕ್ಕೆ ಹೋಗಿ ದೊಡ್ಡ ಸಿಸ್ಟರ್ ಪಕ್ಕದಲ್ಲಿ ಕೂತಳು. ನೋಂದಣಿಯಲ್ಲಿ ಮೇಸ್ತ್ರಿಯ ಹೆಸರು ತೆರೆದಳು. ಒಂದು ಕ್ಷಣ ಕಣ್ಣು ಮುಚ್ಚಿ, ಅವರನ್ನು ಚೆನ್ನಾಗಿಟ್ಟಿರು ಎಂದು ದೇವರಲ್ಲಿ ಕೇಳಿಕೊಂಡು, 'ಸಾವು' ಎಂಬ ಗುಂಡಿ ಒತ್ತಿದಳು.

ಕಿಟಕಿಯ ಪಕ್ಕದ ಪರದೆ ಒಮ್ಮೆ ಮಿನುಗಿ ಖಾಲಿಯಾಯಿತು. ಸ್ವಲ್ಪ ಹೊತ್ತಿಗೆ ಅಲ್ಲಿ ಬೇರೊಂದು ಹೆಸರು ಮೂಡಿತು, ಎರಡು ಬಸ್ಸು ಬದಲಾಯಿಸುತ್ತಿದ್ದ ಅಜ್ಜಿಯದು.

"ಆಯ್ತು" ಎಂದರು ಸಿಸ್ಟರ್, ಕಣ್ಣೊರೆಸಿಕೊಳ್ಳುತ್ತಾ.

ಮರುದಿನ ಬೆಳಗ್ಗೆ ಅವಳು ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕನ ಫೋನು ಬಂತು.

"ನಿನ್ನೆ ಸಂಜೆ ಮೆಸೇಜು ಬರ್ಲಿಲ್ಲ."

"ಇನ್ನು ಬರಲ್ಲ ಅಕ್ಕ."

"ಹ್ಞೂ. ನೋಡ್ತಾ ಕೂತಿದ್ದೆ." ಆ ಕಡೆಯಿಂದ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು ಕೇಳಿತು. "ಸರಿಯಾಯ್ತು ಬಿಡು. ಅವರಿದ್ದಿದ್ರೂ ಸರಿ ಅಂತಿದ್ರು."

ಬಸ್ಸು ಬಂದು ನಿಂತು, ಹೋಯಿತು. ಇಬ್ಬರೂ ಫೋನು ಇಡಲಿಲ್ಲ.

"ಇವತ್ತೂ ನಾಲ್ಕಕ್ಕೇ ಎಚ್ಚರ ಆಯ್ತು ಕಣಮ್ಮ" ಎಂದರು ಅಕ್ಕ.